ವೈರಸ್ಸಿನ ಅಂಗಿಗೆ ಇಸ್ತ್ರಿ

ಹೆಂಡತಿ: ನನ್ನ ಡಬ್ಬಿಗೆ ಆವಿ ಹಿಡಿಸಿದೆ ಅಂದ್ರೆ ಏನ್ರೀ ಅರ್ಥ?

ಪ್ರಯೋಗಾಲಯಕ್ಕೆ ಹೊರಟವಳು ಒಂದು ಕಾಲಿಗೆ ಚಪ್ಪಲಿ ಮೆಟ್ಟಿ, ಇನ್ನೊಂದು ಕಾಲನ್ನು ಎತ್ತಿಕೊಂಡೇ ನಿಂತುಬಿಟ್ಟಳು. ಮನೆಯ ಮುಂದಿನ ಕೋಣೆಯೇ ಗಂಡನ ಹೊಲಿಗೆ ಅಂಗಡಿ. ಗಂಡ ಅಲ್ಲಿ ತಲೆ ತಗ್ಗಿಸಿ ಒಂದು ಪ್ಯಾಂಟಿಗೆ ಇಸ್ತ್ರಿ ಹಾಕುತ್ತಿದ್ದ. ಪ್ಯಾಂಟು ಬೇರೆ ಯಾರದ್ದೂ ಅಲ್ಲ, ಅವಳ ಪ್ರಯೋಗಾಲಯದ ಮುಖ್ಯಸ್ಥರದ್ದು. ಇವತ್ತಿನ ಸಭೆಗೆಂದೇ ಹೊಲಿಸಿಕೊಂಡದ್ದು.

ದರ್ಜಿ: ಆವಿ ಹಿಡಿಸಿದೆ ಅಂದ್ರೆ ಆವಿ ಹಿಡಿಸಿದೆ, ರೋಗ ಸಾಯಲಿ ಅಂತ. ಫ್ರೀಜರ್ ತೆಗೆದ್ರೆ ಬಟಾಣಿ ಪಕ್ಕ ಒಂದು ಡಬ್ಬಿ. ಮೇಲೆ ನೋಡಿದ್ರೆ 'ಫ್ಲೂ ವೈರಸ್'! ಇನ್ನೇನು, ಕುರ್ಚಿ ಹಾಕಿ ಕೂರಿಸ್ಬೇಕಿತ್ತಾ?

ಹೆಂಡತಿ: ಪೂರ್ತಿ ಓದಬೇಕಿತ್ತು! 'ಫ್ಲೂ ವೈರಸ್ ಪ್ರೋಟೀನು' ಅಂತಿದೆ.

ದರ್ಜಿ: ಎರಡು ಪದ ಓದೋವಷ್ಟರಲ್ಲೇ ಇದ್ದಬದ್ದ ಧೈರ್ಯವೆಲ್ಲ ಖರ್ಚಾಯ್ತು ಕಣೇ. ಮೂರನೇದಕ್ಕೆ ಧೈರ್ಯ ಎಲ್ಲಿಂದ ತರಲಿ?

ಹೆಂಡತಿ: ಅದು ವೈರಸ್ಸಲ್ಲ. ಅದರ ಅಂಗಿ ಅಂದ್ಕೊಳ್ಳಿ. ಬರೀ ಅಂಗಿ, ಒಳಗೆ ಆಸಾಮಿ ಇಲ್ಲ. ಅಂಗಿಯಿಂದ ಯಾರಿಗಾದ್ರೂ ಜ್ವರ ಬರುತ್ತಾ?

ದರ್ಜಿ: ಮತ್ತೆ ಆಸಾಮಿ ಎಲ್ಲಿ ಹೋದ? ಅಂಗಿ ಬಿಚ್ಚಿಟ್ಟು ನಮ್ಮ ಬಚ್ಚಲಲ್ಲಿ ಕೂತಿದ್ದಾನಾ?

ಹೆಂಡತಿ: ಅಯ್ಯೋ, ಅವನು ಬಂದೇ ಇಲ್ಲ! ಅವನ ಅಂಗಿಯ ಅಳತೆ ಮಾತ್ರ ತಗೊಂಡು, ಬೇರೆ ಜೀವಕೋಶದ ಒಳಗಿಟ್ಟು, ಅದರ ಕೈಲಿ ಹೊಲಿಸಿದ್ದು.

ದರ್ಜಿ: ಅಂದ್ರೆ ಅಳತೆ ಕದ್ದು ಇನ್ನೊಬ್ಬನ ಕೈಲಿ ಹೊಲಿಸಿದ ಮಾಲು. ಇಂಥ ಕೆಲಸ ಮಾಡೋನು ನಮ್ಮ ಬೀದಿ ತುದೀಲೂ ಒಬ್ಬ ಇದ್ದಾನೆ. ಅವನನ್ನ ಯಾರೂ ವಿಜ್ಞಾನಿ ಅನ್ನಲ್ಲ.

ಹೆಂಡತಿ: ಹಾಸ್ಯ ಸಾಕು! ನಮ್ಮ ರಕ್ತದಲ್ಲಿರೋ ಕಾವಲುಗಾರರು ಈ ಅಂಗಿ ನೋಡಿದ ತಕ್ಷಣ ಗುರುತು ಹಿಡೀತಾರೆ ಅಂತ ಇವತ್ತು ನಾನು ತೋರಿಸ್ಬೇಕು. ತೋರಿಸದೇ ಇದ್ರೆ ಈ ಕೆಲಸ ಪಕ್ಕದ ಕೋಣೆಯವನ ಪಾಲು. ಆಗಲೇ ಜೊಲ್ಲು ಸುರಿಸ್ತಾ ಕೂತಿದ್ದಾನೆ.

ದರ್ಜಿ: ಅಷ್ಟು ದೊಡ್ಡ ಮಾಲನ್ನ ಬಟಾಣಿ ಪಕ್ಕ ಯಾಕಿಟ್ಟೆ? ನಿಮ್ಮಲ್ಲಿ ಮನುಷ್ಯ ಕಾಲು ಚಾಚಿ ಮಲಗೋವಂಥ ಫ್ರೀಜರ್ ಇದೆ ಅಂತಿದ್ದೆ?

ಹೆಂಡತಿ: ಕೆಟ್ಟಿದೆ.

ದರ್ಜಿ: ರಿಪೇರಿ ಮಾಡಿಸೋದು ತಾನೇ?

ಹೆಂಡತಿ: ಕೆಟ್ಟಿದೆ ಅಂತ ಒಪ್ಪಿಕೊಳ್ಳೋಕೆ ಒಂದು ಸಮಿತಿ ಇದೆ, ಅದಿನ್ನೂ ಸೇರಿಲ್ಲ. ಉದ್ಘಾಟನೆ ಫೋಟೋನ ಅದರ ಬಾಗಿಲಿಗೇ ಅಂಟಿಸಿದ್ದಾರೆ. ಫೋಟೋದಲ್ಲಿ ಚೆನ್ನಾಗೇ ಕೆಲಸ ಮಾಡ್ತಿದೆ.

ದರ್ಜಿ: ಒಟ್ಟಿನಲ್ಲಿ ನಿಮ್ಮ ವಿಜ್ಞಾನವನ್ನೆಲ್ಲ ನಮ್ಮ ಬಟಾಣಿ ಕಾಯ್ತಾ ಇದೆ ಅನ್ನು.

ಹೆಂಡತಿ: ಬಟಾಣಿ ಕಾದಿತ್ತು, ನೀವು ಕಾಯಲಿಲ್ಲ! ಆ ಪ್ರೋಟೀನಿನ ಜೀವ ಇರೋದೇ ಮಡಿಕೆಲಿ. ಬಿಸಿ ತಾಗಿದ್ರೆ ಮಡಿಕೆಯೆಲ್ಲ ಬಿಚ್ಚಿಹೋಗುತ್ತೆ. ಆಮೇಲೆ ಯಾವ ಕಾವಲುಗಾರನೂ ಅದರ ಕಡೆ ತಿರುಗಿ ನೋಡಲ್ಲ.

ದರ್ಜಿ: ಬಿಸಿಗೆ ಮಡಿಕೆ ಬಿಚ್ಚುತ್ತಾ? ನಾನು ಜನ್ಮವೆಲ್ಲ ಬಿಸಿ ಇಟ್ಟೇ ಮಡಿಕೆ ಕೂರಿಸ್ತಾ ಬಂದೆ. ಇದ್ಯಾವ ತಲೆಕೆಳಗಾದ ಬಟ್ಟೆ ತಾಯಿ!

ಅವಳು ಸ್ಟೂಲಿನ ಮೇಲೆ ಕುಸಿದು, ಎತ್ತಿಕೊಂಡಿದ್ದ ಕಾಲನ್ನು ಕೊನೆಗೂ ನೆಲಕ್ಕಿಟ್ಟಳು. ಕಣ್ಣಂಚಿನಲ್ಲಿ ನೀರು. ಬೈಗುಳಕ್ಕೆ ಜಗ್ಗದ ದರ್ಜಿ ನೀರಿಗೆ ಜಗ್ಗಿದ. ಕೈಯಲ್ಲಿದ್ದ ಇಸ್ತ್ರಿ ಪೆಟ್ಟಿಗೆಯನ್ನು ಅಲ್ಲೇ ಇಟ್ಟು, "ಬಾ, ನೋಡು ಬಾ" ಎಂದು ಅವಳನ್ನು ಅಡುಗೆಮನೆಗೆ ಎಳೆದುಕೊಂಡು ಹೋದ. ಫ್ರೀಜರಿನಿಂದ ಡಬ್ಬಿ ತೆಗೆದ. ಒಳಗೆ ಪುಟ್ಟ ಪುಟ್ಟ ಕೊಳವೆಗಳು. ಒಂದರಲ್ಲಿ ಮಾತ್ರ ಬೆಂದ ಮೊಟ್ಟೆಯಂಥ ಬಿಳಿ.

ಹೆಂಡತಿ: ಉಳಿದವೆಲ್ಲ ಹೆಪ್ಪುಗಟ್ಟಿ ಕಲ್ಲಿನ ಹಾಗೇ ಇವೆಯಲ್ರೀ!

ದರ್ಜಿ: ಮತ್ತಿನ್ನೇನು? ಹೊಸ ಬಟ್ಟೆಗೆ ನೇರವಾಗಿ ಇಸ್ತ್ರಿ ಇಡೋಕೆ ನಾನೇನು ನಿನ್ನೆ ಮೊನ್ನೆ ಕತ್ತರಿ ಹಿಡಿದವನಾ? ಮೊದಲು ಒಂದು ಚೂರಿಗೆ ಇಟ್ಟು ನೋಡ್ತೀನಿ. ಒಂದಕ್ಕೆ ಆವಿ ಹಿಡಿಸಿದೆ, ಬೆಳ್ಳಗಾಯ್ತು. ಈ ಬಟ್ಟೆ ಶಾಖ ತಡೆಯಲ್ಲ ಅಂತ ಮಿಕ್ಕಿದ್ದನ್ನ ಮುಟ್ಟಲಿಲ್ಲ.

ಹೆಂಡತಿ: ಇದನ್ನ ಮೊದಲೇ ಬೊಗಳೋಕೆ ಏನಾಗಿತ್ತು?

ದರ್ಜಿ: ನೀನು ಬೈಯ್ಯೋ ರಭಸಕ್ಕೆ, ಎಲ್ಲಾನೂ ಹಾಳು ಮಾಡಿದ್ದೀನೇನೋ ಅಂತ ನನಗೇ ಅನ್ನಿಸಿಬಿಡ್ತು.

ಅವಳಿಗೆ ನಗು ತಡೆಯಲಾಗಲಿಲ್ಲ. ಉಳಿದವುಗಳ ಜೊತೆ ಬೆಂದ ಕೊಳವೆಯನ್ನೂ, ಒಯ್ಯಲೆಂದು ಇಟ್ಟಿದ್ದ ಐಸಿನ ಪೆಟ್ಟಿಗೆಗೆ ಸೇರಿಸಿಕೊಂಡಳು.

ದರ್ಜಿ: ಅದ್ಯಾಕೆ? ನನ್ನ ಮಾನ ಕಳೆಯೋಕಾ?

ಹೆಂಡತಿ: ನನ್ನ ಮಾನ ಉಳಿಸ್ಕೊಳ್ಳೋಕೆ. ಹೋದ ಸಭೆಲಿ ಮುಖ್ಯಸ್ಥರು ಎಲ್ಲರ ಮುಂದೆ ಕೇಳಿದ್ರು, 'ಕೆಟ್ಟದ್ದನ್ನ ಪಕ್ಕದಲ್ಲಿಟ್ಟು ತೋರಿಸದೆ ಒಳ್ಳೇದು ಅಂದ್ರೆ ಯಾರಮ್ಮ ನಂಬ್ತಾರೆ?' ಅಂತ. ಇವತ್ತೂ ಮರೆತು ಹೊರಟಿದ್ದೆ.

ದರ್ಜಿ ಎದೆಯುಬ್ಬಿಸಿದ.

ದರ್ಜಿ: ನೋಡಿದ್ಯಾ! ನಾನು ಹಾಳು ಮಾಡಿದ್ರೂ ಅದು ಕೆಲಸಕ್ಕೆ ಬರುತ್ತೆ. ನಿಮ್ಮವರಿಗೆ ಹೇಳು, ಶಾಖ ಇಡೋ ವಿದ್ಯೆಲಿ ನನ್ನಷ್ಟು ಎಚ್ಚರದ ಮನುಷ್ಯ...

ಹೆಂಡತಿ: ರೀ, ಏನೋ ಸುಟ್ಟ ವಾಸನೆ. ಇಸ್ತ್ರಿ ಪೆಟ್ಟಿಗೆ ಎಲ್ಲಿಟ್ಟು ಬಂದ್ರಿ?

ಎಚ್ಚರದ ಮನುಷ್ಯ ಓಡಿದ. ಮುಖ್ಯಸ್ಥರ ಪ್ಯಾಂಟಿನ ಎಡಗಾಲಿನ ಮೇಲೆ ದೋಣಿಯಾಕಾರದ ಕಂದು ಗುರುತು, ಇನ್ನೂ ಹೊಗೆಯಾಡುತ್ತಿತ್ತು.

ದರ್ಜಿ: ಹೋಯ್ತು! ಈಗ ಬಂದು ಕೇಳ್ತಾರೆ ಕಣೇ. ಏನಂತ ಹೇಳಲಿ?

ಅವಳು ಐಸಿನ ಪೆಟ್ಟಿಗೆಯನ್ನು ಎದೆಗವುಚಿಕೊಂಡು, ಉಳಿದ ಚಪ್ಪಲಿಗೆ ಕಾಲು ತೂರಿಸಿದಳು.

ಹೆಂಡತಿ: ಹೆದರಬೇಡಿ. ಎಡಗಾಲು ತೋರಿಸಿ, ಪಕ್ಕದಲ್ಲೇ ಬಲಗಾಲು ತೋರಿಸಿ. ಕೆಟ್ಟದ್ದು ಪಕ್ಕದಲ್ಲಿದ್ರೆ ತಾನೇ ಅವರು ಒಳ್ಳೇದನ್ನ ನಂಬೋದು!