ಗದ್ದೆಯ ಹುಣಿಯಲ್ಲಿ ಕೂತ ರೆಫರಿ

ನಮ್ಮ ಚಿಕ್ಕಪ್ಪನಷ್ಟು ಫುಟ್‌ಬಾಲ್ ಗೊತ್ತಿಲ್ಲದ ಮನುಷ್ಯ ಬಂಟ್ವಾಳದಲ್ಲಿ ಇನ್ನೊಬ್ಬನಿರಲಿಲ್ಲ. ಗದ್ದೆಯಲ್ಲಿ ಮೇಯುವ ಎಮ್ಮೆಗಳಿಗೂ ಅವರಿಗಿಂತ ಹೆಚ್ಚು ಗೊತ್ತಿತ್ತು. ಚೆಂಡು ಬಂದರೆ ಅವು ಪಕ್ಕಕ್ಕಾದರೂ ಸರಿಯುತ್ತಿದ್ದವು! ಹೀಗಿದ್ದೂ ಬಂಟ್ವಾಳ, ಬೆಳ್ತಂಗಡಿ, ಮೂಡಬಿದ್ರೆ, ಈ ಮೂರೂ ಊರಿನವರನ್ನು ಒಂದೇ ಗದ್ದೆಗೆ ಕರೆಸಿ ಪಂದ್ಯ ಆಡಿಸಿದವರು, ಸಾಲದ್ದಕ್ಕೆ ಅದರ ರೆಫರಿಯೂ ಆದವರು ಅವರೇ ಎಂದರೆ ನೀವು ನಂಬುತ್ತೀರಾ? ನಂಬದಿದ್ದರೂ ಬೇಸರವಿಲ್ಲ. ಕಣ್ಣಾರೆ ಕಂಡ ನನಗೇ ಈಗೀಗ ಅದೆಲ್ಲ ನಿದ್ದೆಯಲ್ಲಿ ನಡೆದ ಹಾಗೆ ಕಾಣುತ್ತದೆ.

ಆಗಿನ್ನೂ ನಮ್ಮ ಜಿಲ್ಲೆ ಮದ್ರಾಸನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ನನಗೆ ಬಂಟ್ವಾಳದ ಒಂದು ಶಾಲೆಯಲ್ಲಿ ಟೀಚರ್ ಕೆಲಸ ಸಿಕ್ಕಿ, ಮೂಡಬಿದ್ರೆಯ ಮನೆಯಿಂದ ಟ್ರಂಕು ಹೊತ್ತು ಚಿಕ್ಕಪ್ಪನ ಮನೆಗೆ ಬಂದಿದ್ದೆ. ಚಿಕ್ಕಪ್ಪ ಅಲ್ಲಿಯ ಸಣ್ಣ ಬಸದಿಯ ಪೂಜೆ ಮಾಡುವವರು. ನಮ್ಮಲ್ಲಿ ಜೈನ ಬಸದಿಯ ಪುರೋಹಿತರಿಗೆ ಇಂದ್ರರು ಅನ್ನುವುದು. ಊರವರ ತುಳುವಿನಲ್ಲಿ ಇಂದ್ರೆರ್. ಹೆಸರು ದೇವೇಂದ್ರನದ್ದು, ಮನುಷ್ಯ ಮಾತ್ರ ಕಡ್ಡಿಯ ಹಾಗೆ. ಜೋರು ಗಾಳಿ ಬಂದರೆ ಕೊಡೆ ಅವರನ್ನು ಹಿಡಿದುಕೊಳ್ಳುತ್ತಿತ್ತು!

ಅವರ ದೊಡ್ಡ ಚಟ ಕನಸು. ಎಲ್ಲರೂ ಕನಸು ಕಾಣುತ್ತಾರೆ, ಹೌದು. ಆದರೆ ಕಂಡದ್ದನ್ನು ಬೆಳಿಗ್ಗೆ ಸಿಕ್ಕಿದವರಿಗೆಲ್ಲ ಒಪ್ಪಿಸುತ್ತಾರಾ? ಪೋಸ್ಟ್‌ಮ್ಯಾನ್ ನಮ್ಮ ಮನೆಯ ಕಾಗದವನ್ನು ದೂರದಿಂದಲೇ ಜಗಲಿಗೆ ಎಸೆದು ಓಡುತ್ತಿದ್ದ.

"ನಿನ್ನೆ ನಮ್ಮ ಬಾವಿಯೊಳಗೆ ಚಂದ್ರ ಕೂತು ಮೊಸರು ಕಡೆಯುತ್ತಿದ್ದ," ಎಂದರು ಒಂದು ದಿನ.

"ಬೆಣ್ಣೆ ಬಂತಾ?" ಎಂದು ಕೇಳಿದರು ಚಿಕ್ಕಮ್ಮ, ಒಲೆ ಊದುತ್ತಾ.

"ಬರುವುದರಲ್ಲಿತ್ತು. ಅಷ್ಟರಲ್ಲಿ ನೀನು ಎಬ್ಬಿಸಿದಿ."

ಆ ದಿನ ಮನೆಯಲ್ಲಿ ಬೆಣ್ಣೆ ಮುಗಿದದ್ದಕ್ಕೆ ಚಿಕ್ಕಮ್ಮನೇ ಕಾರಣ ಎಂದು ತೀರ್ಮಾನವಾಯಿತು.

ಸಂಜೆ ನಾಲ್ಕೂವರೆಗೆ ಕೊಡೆ ಹಿಡಿದು ಅವರು ಹೊಳೆಬದಿಯ ಗದ್ದೆಗೆ ಹೋಗುತ್ತಿದ್ದರು. ಬೆಳೆ ಇಲ್ಲದ ತಿಂಗಳುಗಳಲ್ಲಿ ಅಲ್ಲಿ ಊರಿನ ಹನ್ನೊಂದು ಜನ ಚೆಂಡಾಡುತ್ತಿದ್ದರು. ಚಿಕ್ಕಪ್ಪ ಗದ್ದೆಯ ಅಂಚಿನ ಹುಣಿಯ ಮೇಲೆ ಕೂತು ನೋಡುತ್ತಿದ್ದರು. ನೋಡುತ್ತಿದ್ದರು ಎಂದರೆ, ಚೆಂಡು ಆ ಕಡೆ ಹೋದಾಗ ಅವರ ಕಣ್ಣು ಈ ಕಡೆಯ ಕೊಕ್ಕರೆಯ ಮೇಲೆ! ಆದರೂ ಒಂದು ದಿನವೂ ತಪ್ಪಿಸಿದವರಲ್ಲ. ಬಜಾರಿನಲ್ಲಿ ಬಟ್ಟೆ ಮಾರುವ ಇಬ್ರಾಹಿಂ ಆಟದ ನಡುವೆ ಓಡಿಬಂದು, "ಇಂದ್ರೆ, ಈಗ ಆದದ್ದು ಗೋಲು, ಸ್ವಲ್ಪ ಸಂತೋಷ ಪಡಿ," ಎಂದು ಹೇಳಿ ಹೋಗುತ್ತಿದ್ದ. ಚಿಕ್ಕಪ್ಪ ಕೂಡಲೇ ಸಂತೋಷ ಪಡುತ್ತಿದ್ದರು. ಯಾರ ಗೋಲು ಎಂದು ಕೇಳುವ ಸಣ್ಣತನ ಅವರಿಗಿರಲಿಲ್ಲ.

ಆ ವರ್ಷದ ಆಟಿ ತಿಂಗಳ ಜಡಿಮಳೆಗೆ ನೇತ್ರಾವತಿ ಉಕ್ಕಿತು. ಹೊಳೆ ನಡುವಿನ ಕುದ್ರುವಿನಲ್ಲಿ ಕೆಲವು ಮನೆಗಳಿದ್ದವು, ಅಂಗಳಕ್ಕೆ ನೀರು ಬಂತು. ಕಡವಿನಲ್ಲಿ ದೋಣಿ ದಾಟಿಸುವ ಬಾಬು ತನ್ನ ಓಡವನ್ನು ನೀರಿಗೆ ಬಿಟ್ಟ. ಅವನ ಜೊತೆಗೆ ಇಬ್ರಾಹಿಂ ಹಾರಿ ಕೂತ, ಟೈಲರ್ ಪೆದ್ರುವೂ ಕೂತ. ಮೂವರೂ ಅದೇ ಚೆಂಡಾಟದವರು. ಎರಡು ಸಲ ಹೋಗಿ ಹೆಂಗಸರು ಮಕ್ಕಳನ್ನೆಲ್ಲ ದಡ ಸೇರಿಸಿದರು. ಕೊನೆಯ ಮನೆಯವರನ್ನು ತರಲಿಕ್ಕೆಂದು ಮೂರನೆಯ ಸಲ ಹೋದ ಓಡಕ್ಕೆ ತೇಲಿಬಂದ ಮರವೊಂದು ಬಡಿಯಿತು. ಆ ಕೊನೆಯ ಮನೆಯವರು ಮನೆಯ ಮಾಡು ಹತ್ತಿ ಕೂತು ಹೇಗೋ ಉಳಿದರು. ಓಡದವರು ಉಳಿಯಲಿಲ್ಲ.

ಮಳೆ ಬಿಟ್ಟಿತು, ಗದ್ದೆ ಕೊಯ್ಲಾಯಿತು, ಯಾರೂ ಚೆಂಡು ತರಲಿಲ್ಲ. ಚಿಕ್ಕಪ್ಪ ಮಾತ್ರ ನಾಲ್ಕೂವರೆಗೆ ಹೋಗಿ, ಬರೀ ಗದ್ದೆಯನ್ನು ನೋಡಿ ಬರುತ್ತಿದ್ದರು. ಜೈನರಾದ ನಮ್ಮ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಊಟವಿಲ್ಲ, ಆದ್ದರಿಂದ ಆರು ಗಂಟೆಯೊಳಗೆ ತಿರುಗಿ ಬರಲೇಬೇಕು. ಬಂದು ಉಣ್ಣುತ್ತಿದ್ದರು, ಮಾತಿಲ್ಲ. ಅದಕ್ಕಿಂತ ಹೆದರಿಕೆಯ ವಿಷಯ, ಬೆಳಿಗ್ಗೆ ಕನಸೂ ಇಲ್ಲ! ಪೋಸ್ಟ್‌ಮ್ಯಾನ್ ಮೊದಲ ಸಲ ಮೆಟ್ಟಿಲವರೆಗೆ ಬಂದು, "ಇಂದ್ರೆರಿಗೆ ಸೌಖ್ಯ ಇಲ್ವಾ ಟೀಚರ್?" ಎಂದು ಕೇಳಿದ.

ಹಾಗೆ ಒಂದು ತಿಂಗಳು ಕಳೆದ ಮೇಲೆ, ಒಂದು ಬೆಳಿಗ್ಗೆ ಚಿಕ್ಕಪ್ಪ ಹಾಸಿಗೆಯಿಂದಲೇ ನನ್ನನ್ನು ಕೂಗಿದರು. "ಕಂಡೆ ಮಾರಾಯ್ತಿ! ಮೂವರೂ ಇದ್ದರು. ಹೊಳೆಯ ನೀರಿನ ಮೇಲೆಯೇ ಆಡುತ್ತಿದ್ದರು, ಕಾಲು ಒದ್ದೆಯಾಗಿರಲಿಲ್ಲ. ಇಬ್ರಾಹಿಂ ಹೇಳಿದ, ಇಂದ್ರೆ ನಿಮ್ಮ ಕೊಡೆ ಸ್ವಲ್ಪ ಆಚೆ ಹಿಡೀರಿ, ಗೋಲು ಕಾಣುವುದಿಲ್ಲ ಅಂತ."

"ಮತ್ತೆ?"

"ಮತ್ತೇನು? ಕಾಗದ ಪೆನ್ನು ತಾ. ನಿನ್ನ ಅಕ್ಷರ ಚಂದ ಉಂಟು. ಬೆಳ್ತಂಗಡಿಗೆ ಒಂದು, ಮೂಡಬಿದ್ರೆಗೆ ಒಂದು ಬರೆಯುವ. ಆ ಮೂವರ ನೆನಪಿಗೆ ಒಂದು ಪಂದ್ಯ."

ಬರೆದೆ. ನೋಡಲಿಕ್ಕೆ ಬರುವವರು ಮನೆಗೊಂದು ಸೇರು ಅಕ್ಕಿ ತಂದು ಗದ್ದೆಯ ಬದಿಯ ಬುಟ್ಟಿಗೆ ಹಾಕಬೇಕು, ಅದು ಆ ಮೂರು ಮನೆಗಳಿಗೆ ಎಂದೂ ಬರೆದೆ. ಕೊನೆಗೆ "ಆಟಗಾರರು ದಯವಿಟ್ಟು ಹುಲ್ಲಿನೊಳಗಿನ ಜೀವಿಗಳನ್ನು ನೋಡಿಕೊಂಡು ಒದೆಯಬೇಕಾಗಿ ಪ್ರಾರ್ಥನೆ" ಎಂಬ ಸಾಲನ್ನು ನಾನು ಬೇಡ ಬೇಡ ಎಂದರೂ ಚಿಕ್ಕಪ್ಪ ಸೇರಿಸಿದರು.

ಮಾತುಕತೆಗೆಂದು ಎರಡು ಊರಿನ ಕ್ಯಾಪ್ಟನರು ನಮ್ಮ ಜಗಲಿಗೆ ಬಂದರು. ಬಂಟ್ವಾಳದ ಉಳಿದ ಎಂಟು ಜನ ಅಂಗಳದಲ್ಲಿ ನಿಂತರು. ಅವರು ತಂದ ಚೆಂಡನ್ನು ಹತ್ತಿರದಿಂದ ನೋಡಿದ ಕೂಡಲೇ ಚಿಕ್ಕಪ್ಪ ಹಿಂದೆ ಸರಿದರು.

"ಇದು ಚರ್ಮದ್ದಾ?"

"ಹೌದು ಇಂದ್ರೆ. ಫುಟ್‌ಬಾಲ್ ಚರ್ಮದ್ದೇ," ಎಂದ ಬೆಳ್ತಂಗಡಿಯವನು.

"ಒಂದು ಒಳ್ಳೆಯ ಚಕ್ಕೋತ ಹಣ್ಣು ಆಗುವುದಿಲ್ವಾ? ನಮ್ಮ ಹಿತ್ತಿಲಲ್ಲೇ ಉಂಟು."

ಮೂಡಬಿದ್ರೆಯ ಕ್ಯಾಪ್ಟನ್ ಬಹಳ ಮರ್ಯಾದೆಯ ಜನ. ನಗಲಿಲ್ಲ. "ಆಗ್ತದೆ," ಎಂದ, "ಆದರೆ ಒಂದು ಆಟಕ್ಕೆ ನೂರಾದರೂ ಬೇಕು. ಮರದಲ್ಲಿ ಅಷ್ಟು ಉಂಟಾ?" ಮರದಲ್ಲಿ ಏಳೇ ಇದ್ದವು. ಹಾಗಾಗಿ ಚರ್ಮವೇ ಗಟ್ಟಿಯಾಯಿತು. ಚಿಕ್ಕಪ್ಪ ಮುಟ್ಟುವುದಿಲ್ಲ, ಬೇಕಾದರೆ ಕೊಡೆಯ ತುದಿಯಿಂದ ದೂಡುತ್ತಾರೆ ಎಂದು ಒಪ್ಪಂದವಾಯಿತು.

ಮತ್ತೆ ರೆಫರಿಯ ಜಗಳ. ಇವರ ಜನ ಅವರಿಗೆ ಬೇಡ, ಅವರ ಜನ ಇವರಿಗೆ ಬೇಡ. ಕೊನೆಗೆ ಯಾರೋ, "ಇಂದ್ರೆರೇ ಆಗಲಿ. ಏನೂ ಗೊತ್ತಿಲ್ಲದವರಿಂದ ಪಕ್ಷಪಾತ ಆಗ್ಲಿಕ್ಕುಂಟಾ?" ಎಂದರು. ಅಷ್ಟು ಗಟ್ಟಿಯಾದ ವಾದವನ್ನು ನಾನು ಆಮೇಲೆ ಎಲ್ಲಿಯೂ ಕೇಳಿಲ್ಲ.

"ನೀವು ಎಂಟೇ ಜನ. ಇನ್ನು ಮೂವರು?" ಎಂದು ಮೂಡಬಿದ್ರೆಯವನು ನಮ್ಮವರನ್ನು ಕೇಳಿದ. ನಮ್ಮವರು ನೆಲ ನೋಡಿದರು. ಊರಿನಲ್ಲಿ ಹುಡುಗರಿದ್ದರು, ಆ ಮೂರು ಜಾಗಕ್ಕೆ ನಿಲ್ಲಲು ಯಾರಿಗೂ ಮನಸ್ಸಿರಲಿಲ್ಲ. ಅವನು, "ಹಾಗಾದರೆ ನಾವೂ ಎಂಟೇ ಜನ ಬರ್ತೇವೆ," ಎಂದ. ಬೆಳ್ತಂಗಡಿಯವನೂ ತಲೆಯಾಡಿಸಿದ.

ಪಂದ್ಯದ ದಿನ ಮಧ್ಯಾಹ್ನ ಗದ್ದೆಯ ಸುತ್ತ ಜನವೋ ಜನ. ಬುಟ್ಟಿಗೆ ಅಕ್ಕಿ ಬಿತ್ತು. ಅಕ್ಕಿ ಇಲ್ಲದವರು ಕುಂಬಳಕಾಯಿ ತಂದರು. ಕಲ್ಲಡ್ಕದಿಂದ ಬಂದ ಒಬ್ಬ ಧಾರಾಳಿ ಜೀವಂತ ಕೋಳಿ ತಂದ! ಪೆದ್ರುವಿನ ಹೆಂಡತಿ ರೆಜಿನಾ ಅದನ್ನು ಮಡಿಲಲ್ಲಿ ಇಟ್ಟುಕೊಂಡಳು. ಚಿಕ್ಕಪ್ಪ ಅವಳ ಹತ್ತಿರ ಹೋಗಿ ಮೆಲ್ಲನೆ, "ಇದನ್ನು ಕೊಲ್ಲುವುದು ಬೇಡ, ಆಗದಾ?" ಎಂದರು.

"ಇಲ್ಲ ಇಂದ್ರೆ. ಮೊಟ್ಟೆಗೆ ಏನಾದರೂ ಅಡ್ಡಿ ಉಂಟಾ?"

"ಅದನ್ನು ನನ್ನ ಹತ್ತಿರ ಕೇಳಬೇಡ ಮಾರಾಯ್ತಿ!"

ಪೆದ್ರು ಹೋದ ಮೇಲೆ ರೆಜಿನಾ ನಕ್ಕದ್ದು ಅದೇ ಮೊದಲು ಎಂದು ಅವಳ ತಂಗಿ ನನ್ನ ಕಿವಿಯಲ್ಲಿ ಹೇಳಿದಳು.

ಬಾಬುವಿನ ಅಪ್ಪನೂ ಬಂದು ಚಾಪೆಯಲ್ಲಿ ಕೂತರು. ಇಬ್ರಾಹಿಮನ ತಾಯಿ ಐಸಮ್ಮ ಮಾತ್ರ ಬರಲಿಲ್ಲ. ಮಗ ಹೋದಂದಿನಿಂದ ಅವಳು ಮನೆಯ ಹೊಸಿಲು ದಾಟಿದವಳಲ್ಲ. ಆಟಗಾರರು ಸಾಲಾಗಿ ನಿಂತರು. ಎಲ್ಲರೂ ಚಿಕ್ಕಪ್ಪನ ಬಾಯಿಯ ವಿಸಿಲ್ ನೋಡಿದರು. ಚಿಕ್ಕಪ್ಪ ಅದನ್ನು ಕೊರಳಿಗೆ ಇಳಿಬಿಟ್ಟರು.

"ಐಸಮ್ಮ ಬರಲಿ."

ಕಾದರು. ಅರ್ಧ ಗಂಟೆ, ಒಂದು ಗಂಟೆ. ಬೆಳ್ತಂಗಡಿಯ ಕಡೆ ಹೋಗುವ ಕೊನೆಯ ಬಸ್ಸಿನ ಚಿಂತೆ ಶುರುವಾಯಿತು. "ಆ ಹೆಂಗಸು ಬರುವುದಿಲ್ಲ ಇಂದ್ರೆ, ಸುಮ್ಮನೆ ಊದಿ," ಎಂದು ನಾಲ್ಕಾರು ಜನ ಗದರಿದರು. ಸಾಧು ಮನುಷ್ಯನ ಹಟ ಅಂದರೆ ಏನೆಂದು ನನಗೆ ಅವತ್ತು ಗೊತ್ತಾಯಿತು. ಕೊಡೆ ಎತ್ತಿಕೊಂಡು ಗದ್ದೆ ದಾಟಿ ಹೊರಟೇಬಿಟ್ಟರು. ಒಬ್ಬ ಹೆಂಗಸಿನ ಮನೆಗೆ ಹೋಗುವುದಲ್ಲವೇ, ನಾನೂ ಹಿಂದೆ ಓಡಿದೆ.

ಐಸಮ್ಮನ ಮನೆಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಕತ್ತಲು. ಚಿಕ್ಕಪ್ಪ ಅಂಗಳದ ಬಿಸಿಲಿನಲ್ಲಿ ನಿಂತು ಕರೆದರು. ಇನ್ನೊಮ್ಮೆ ಕರೆದರು.

"ನಾನು ಬಂದು ಏನು ಮಾಡಲಿಕ್ಕುಂಟು ಇಂದ್ರೆ?" ಒಳಗಿನಿಂದ ಸ್ವರ ಬಂತು. "ನನಗೆ ಆ ಆಟ ಗೊತ್ತುಂಟಾ?"

"ನನಗೂ ಗೊತ್ತಿಲ್ಲ," ಎಂದರು ಚಿಕ್ಕಪ್ಪ. "ಯಾವುದು ಗೋಲು, ಯಾವಾಗ ಸಂತೋಷ ಪಡಬೇಕು, ಎಲ್ಲ ನಿಮ್ಮ ಮಗ ಹೇಳ್ತಿದ್ದ. ಈಗ ನನಗೆ ಹೇಳುವವರಿಲ್ಲ. ಅಲ್ಲಿ ಒಬ್ಬನೇ ಕೂತು ನೋಡ್ಲಿಕ್ಕೆ ನನ್ನಿಂದ ಆಗುವುದಿಲ್ಲ ಐಸಮ್ಮ. ಇಬ್ಬರೂ ಗೊತ್ತಿಲ್ಲದವರು ಕೂತು ನೋಡುವ."

ಚಿಕ್ಕಪ್ಪನ ಬೋಳುತಲೆಯಿಂದ ಬೆವರು ಇಳಿಯುತ್ತಿತ್ತು. ಕೈಯಲ್ಲಿ ಕೊಡೆ ಇದ್ದದ್ದು ಅವರಿಗೆ ಮರೆತೇ ಹೋಗಿತ್ತು. ಆಮೇಲೆ ಐಸಮ್ಮ ತಲೆಯ ಬಟ್ಟೆ ಸರಿಮಾಡಿಕೊಂಡು ಹೊಸಿಲಿಗೆ ಬಂದಳು. ಬೆಳಕಿಗೆ ಕಣ್ಣು ಕಿರಿದು ಮಾಡಿ ಸ್ವಲ್ಪ ಹೊತ್ತು ನಿಂತಳು. ಇಳಿದಳು.

ಹೀಗೆ ನಮ್ಮ ರೆಫರಿ ಇಡೀ ಪಂದ್ಯವನ್ನು ಹುಣಿಯ ಮೇಲೆ ಕೂತೇ ನಡೆಸಿದರು, ಒಂದು ಮಾರು ಆಚೆ ಐಸಮ್ಮ, ನಡುವೆ ನಾನು. ಮೊದಲ ಆಟದಲ್ಲಿ ಬೆಳ್ತಂಗಡಿಯವರು ಮೂಡಬಿದ್ರೆಯನ್ನು ಸೋಲಿಸಿದರು. ವಿಸಿಲ್ ಊದಿದ್ದು ಎರಡೇ ಸಲ. ಒಮ್ಮೆ ಗದ್ದೆಯ ನಡುವೆ ಕಪ್ಪೆಯೊಂದು ಬಂದದ್ದಕ್ಕೆ. ಅದು ಅತ್ತ ದಾಟುವವರೆಗೆ ಹದಿನಾರು ಗಂಡಾಳುಗಳು ಸೊಂಟಕ್ಕೆ ಕೈಯಿಟ್ಟು ನಿಂತರು! ಇನ್ನೊಮ್ಮೆ ಒಬ್ಬ ಇನ್ನೊಬ್ಬನನ್ನು ಕೆಡವಿದ್ದಕ್ಕೆ. ಅವನು ಕ್ಷಮೆ ಕೇಳಿದ ಮೇಲೆ, ಬಿದ್ದವನೂ ಕ್ಷಮೆ ಕೇಳಬೇಕೆಂದಾಯಿತು. "ನಾನು ಯಾಕೆ ಇಂದ್ರೆ?" ಎಂದರೆ, "ಬೀಳುವಾಗ ಕೆಟ್ಟ ಮಾತು ಹೇಳಿದ್ದು ನನಗೆ ಕೇಳಿದೆ."

ಬೆಳ್ತಂಗಡಿಗೂ ಬಂಟ್ವಾಳಕ್ಕೂ ಕೊನೆಯ ಆಟ ಶುರುವಾಗುವಾಗ ಬಿಸಿಲು ಹಳದಿಯಾಗಿತ್ತು. ಹೊಳೆಯಿಂದ ತೆಳ್ಳಗೆ ಮಂಜು ಎದ್ದು ಆಟಗಾರರ ಮೊಣಕಾಲಿನವರೆಗೆ ಬಂತು. ದೂರದಿಂದ ನೋಡಿದರೆ ಅವರಿಗೆ ಪಾದಗಳೇ ಇಲ್ಲದ ಹಾಗೆ, ತೇಲಿಕೊಂಡು ಓಡುವ ಹಾಗೆ. ಜನರ ಬೊಬ್ಬೆಯೂ ನಿಂತುಹೋಯಿತು. ಚೆಂಡಿಗೆ ಕಾಲು ತಗಲುವ ಸದ್ದು ಮಾತ್ರ, ಡುಬ್, ಡುಬ್, ಹೊಳೆಯ ಆಚೆ ದಡಕ್ಕೆ ಹೋಗಿ ಮೆಲ್ಲಗೆ ತಿರುಗಿ ಬರುತ್ತಿತ್ತು. ಹೊತ್ತು ಮುಳುಗುತ್ತಾ ಬಂತು. ಊಟಕ್ಕೆ ಕರೆಯಲಿಕ್ಕೆ ಚಿಕ್ಕಮ್ಮನೇ ಬಂದು ನಿಂತರು. ಚಿಕ್ಕಪ್ಪ ತಿರುಗದೆ, "ಇವತ್ತು ನನಗೆ ಉಪವಾಸ," ಎಂದರು. ಚಿಕ್ಕಮ್ಮ ಒಮ್ಮೆ ಐಸಮ್ಮನನ್ನು ನೋಡಿದರು, ಬಂದ ದಾರಿಯಲ್ಲೇ ಹಿಂದೆ ಹೋದರು.

ಒಬ್ಬರದ್ದೂ ಗೋಲಿಲ್ಲ. ಬೆಳ್ತಂಗಡಿಯ ಒಬ್ಬ ಉದ್ದ ಕಾಲಿನ ಹುಡುಗ ಚೆಂಡು ಸಿಕ್ಕಿದರೆ ಯಾರಿಗೂ ಕೊಡದೆ ಒಬ್ಬನೇ ಓಡುವುದು, ನಮ್ಮವರು ಸುತ್ತುಗಟ್ಟಿ ಕಸಿಯುವುದು, ಇದೇ ಆಯಿತು. ನಾಲ್ಕನೆಯ ಸಲ ಅವನು ಹಾಗೆ ನುಗ್ಗಿದಾಗ ನನ್ನ ಪಕ್ಕದಿಂದ ಒಂದು ಕೂಗು ಎದ್ದಿತು.

"ಪಾಸ್ ಕೊಡು ಮೋನೇ!"

ಐಸಮ್ಮ ಎದ್ದು ನಿಂತಿದ್ದಳು. ಮೋನೇ ಎಂದರೆ ಅವರ ಬ್ಯಾರಿ ಮಾತಿನಲ್ಲಿ ಮಗನೇ. ಹುಡುಗ ಬೆಚ್ಚಿಬಿದ್ದು, ಮನೆಯಲ್ಲಿ ತಾಯಿ ಹೇಳಿದರೆ ಕೇಳುವ ಹಾಗೆ, ಚೆಂಡನ್ನು ಪಕ್ಕಕ್ಕೆ ಕೊಟ್ಟೇಬಿಟ್ಟ. ಪಕ್ಕದವನು ಒದ್ದ. ಗೋಲು! ಅದೂ ನಮ್ಮ ಊರಿನ ಮೇಲೆಯೇ! ಬಂಟ್ವಾಳ ಸೋತಿತು. ಆದರೆ ಮೊದಲು ಚಪ್ಪಾಳೆ ತಟ್ಟಿದವರು ಬಂಟ್ವಾಳದ ಆ ಎಂಟು ಜನ.

ಆಟ ಮುಗಿಯಿತು. ಜನ ಬಸ್ಸಿನ ಕಡೆ ಓಡಿದರು. ಗದ್ದೆ ಖಾಲಿಯಾಯಿತು. ಐಸಮ್ಮ ಅಲ್ಲೇ ಕೂತಿದ್ದಳು.

"ಆಟ ಗೊತ್ತಿಲ್ಲ ಅಂದಿರಿ?" ಎಂದರು ಚಿಕ್ಕಪ್ಪ.

"ದಿನಾ ಉಣ್ಣುವಾಗ ಎಲ್ಲ ಹೇಳ್ತಿದ್ದ. ಯಾರು ಪಾಸ್ ಕೊಡಲಿಲ್ಲ, ಯಾರು ಗೋಲು ಹಾಕಿದ್ದು. ಒಂದೂ ಬಿಡ್ತಿರಲಿಲ್ಲ. ನಾನು ಮೀನು ಬಡಿಸ್ತಾ ಹೂಂ ಹೂಂ ಅಂತಿದ್ದೆ." ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು. "ಇವತ್ತು ನಾನೇ ನೋಡಿದೆ ಇಂದ್ರೆ. ಮನೆಗೆ ಹೋಗಿ ಯಾರಿಗೆ ಹೇಳುವುದು?"

ಚಿಕ್ಕಪ್ಪ ಏಳಲಿಕ್ಕೆಂದು ನೆಲಕ್ಕೆ ಊರಿದ ಕೈಯನ್ನು ಹಿಂದೆ ತೆಗೆದುಕೊಂಡರು. ಕಾಲು ಮಡಚಿ ಸರಿಯಾಗಿ ಕೂತರು.

"ನನಗೆ ಹೇಳಿ," ಎಂದರು. "ಮೊದಲಿನಿಂದ ಹೇಳಿ."

ಐಸಮ್ಮ ಹೇಳಲಿಕ್ಕೆ ಶುರುಮಾಡಿದಳು. ಚಿಕ್ಕಪ್ಪ ಹೂಂ ಎಂದರು.