ಟ್ರೇಲರಿಗೆ ಅರ್ಥವಿಲ್ಲ

ಹದಿನಾರು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದವನಿಗೆ ನಾಲ್ಕು ಬಲ್ಬು ಉರಿಸುವುದು ಏನು ಮಹಾ ಕೆಲಸ? ಹೀಗೆಂದವನು ನಾನೇ. ಬೇರೆ ಯಾರೂ ಅಂದಿರಲಿಲ್ಲ.

ನಾದಿನಿಯ ಮದುವೆ. ಅವಳ ಬೀರು, ಮಂಚ ಭಾನುವಾರ ನಾಲ್ಕೂವರೆಗೆ ರಾಹುಕಾಲ ಶುರುವಾಗುವ ಮೊದಲೇ ಹಲಸೂರಿನ ಬೀಗರ ಮನೆ ಸೇರಬೇಕಿತ್ತು. ಕೆ.ಆರ್. ಪುರದ ಮಾವನ ಮನೆಯಲ್ಲಿ ತರಕಾರಿ ಸಾಗಿಸುವ ಹಳೇ ಜೀಪೂ ಅದರ ಹಿಂದೆ ಕಟ್ಟುವ ಟ್ರೇಲರೂ ಇದ್ದವು. "ಅಳಿಯಂದ್ರು ನೋಡ್ಕೋತಾರೆ ಬಿಡಿ" ಎಂದರು ಅತ್ತೆ. ಅಳಿಯನಾದ ಹನ್ನೊಂದು ವರ್ಷದಲ್ಲಿ ಅವರು ನನ್ನನ್ನು ನಂಬಿ ಒಪ್ಪಿಸಿದ ಮೊದಲ ಕೆಲಸ!

ಮದುವೆ ಗಾಡಿ ಲಕ್ಷಣವಾಗಿರಲಿ ಎಂದು ಶನಿವಾರ ಟ್ರೇಲರಿನ ದೀಪಗಳನ್ನೆಲ್ಲ ಬಿಚ್ಚಿ, ಮೂಲೆಮೂಲೆಗೂ ಹಸಿರು ಪೇಂಟ್ ಬಳಿದೆ. ಬೋಲ್ಟುಗಳನ್ನೂ ಬಿಡಲಿಲ್ಲ. ಭಾನುವಾರ ಬೆಳಿಗ್ಗೆ ದೀಪಗಳನ್ನು ಮತ್ತೆ ಕೂರಿಸಿ, ಜೀಪಿಗೆ ವೈರು ಸಿಕ್ಕಿಸಿದೆ. ಬ್ರೇಕ್ ಒತ್ತಿದರೆ ಇಂಡಿಕೇಟರು ಮಿಣುಕಿತು. ಇಂಡಿಕೇಟರ್ ಹಾಕಿದರೆ ಎಲ್ಲವೂ ಮಂಕಾಯಿತು. ಹಿಂದೊಮ್ಮೆ ಲಾರಿಯಿಂದ ಹಿಂಬದಿಗೆ ಗುದ್ದಿಸಿಕೊಂಡಿದ್ದ ಮಾವ ಗೇಟಿಗೆ ಅಡ್ಡ ನಿಂತು, "ಲೈಟ್ ಸರಿಹೋಗದೆ ಗಾಡಿ ಕದಲೋ ಹಂಗಿಲ್ಲ" ಎಂದರು.

ಬಲ್ಬುಗಳನ್ನು ಬದಲಿಸಿದೆ. ವೈರು ಬದಲಿಸಿದೆ. ಮಧ್ಯಾಹ್ನ ಸೋತು, ಜೀಪಿನ ವೈರಿಂಗ್ ನೋಡಿಕೊಳ್ಳುತ್ತಿದ್ದ ಶಿವಾಜಿನಗರದ ಮೆಕ್ಯಾನಿಕ್ ಬಾಷಾಗೆ ಫೋನು ಮಾಡಿ ಎಲ್ಲವನ್ನೂ ವಿವರಿಸಿದೆ.

"ಅರ್ಥ ಆಗ್ತಿಲ್ಲ ಸಾರ್" ಎಂದರು ಬಾಷಾ.

ಪಾಪ, ಮನೆಮಾತು ಉರ್ದು. ನಿಧಾನವಾಗಿ, ಬಿಡಿಸಿ ಬಿಡಿಸಿ, ಮತ್ತೊಮ್ಮೆ ಹೇಳಿದೆ.

"ಅದೇ ಸಾರ್, ಅರ್ಥ ಆಗ್ತಿಲ್ಲ. ಸರಿಯಾಗಿ ಅರ್ಥ ಕೊಡಿ!"

ಕೊಟ್ಟೆ! ಬ್ರೇಕು ಎಂದರೆ ತಡೆ, ಇಂಡಿಕೇಟರು ಎಂದರೆ ಸೂಚಕ, ಬಲ್ಬು ಎಂದರೆ ವಿದ್ಯುದ್ದೀಪ.

ಬಾಷಾ ಕೂಗಿದರು: "ಸಾರ್, ನಿಮ್ಗೆ ಅರ್ಥಾನೇ ಇಲ್ಲ ಸಾರ್!"

ಫೋನು ಕುಕ್ಕಿದೆ.

"ಏನಂದ್ರು ರೀ?" ಎಂದಳು ಹೆಂಡತಿ.

"ಆ ಮನುಷ್ಯನಿಗೆ ಒಂದಕ್ಷರ ತಲೆಗೆ ಹೋಗಲ್ಲ."

ಆ ಸಿಟ್ಟಿನಲ್ಲಿ ಜೀಪಿನ ವೈರುಗಳಿಗೇ ಕೈಹಾಕಿದೆ. ಟಪ್! ಫ್ಯೂಸ್ ಹೋಗಿ ಜೀಪಿನ ದೀಪಗಳೂ ಆರಿದವು. ಅಷ್ಟರಲ್ಲಿ ಬೀಗರ ಫೋನು. "ಆರತಿ ತಟ್ಟೆ ಹಿಡ್ಕೊಂಡು ಬಾಗ್ಲಲ್ಲಿ ನಿಂತಿದಾರಂತೆ" ಎಂದಳು ಹೆಂಡತಿ. ನನಗೆ ಅಳು ಬರುವುದೊಂದು ಬಾಕಿ.

ನಾಲ್ಕೂವರೆಗೆ ಸರಿಯಾಗಿ ಗೇಟಿನಲ್ಲಿ ಬಾಷಾ! "ಮಾತಾಡ್ತಾ ಫೋನ್ ಕಟ್ ಆಯ್ತಲ್ಲ ಸಾರ್, ಬಸ್ ಹತ್ಕೊಂಡು ಬಂದ್ಬಿಟ್ಟೆ."

ಫ್ಯೂಸ್ ಹಾಕಿದರು. ಟ್ರೇಲರಿನ ಅಡಿಗೆ ಬಗ್ಗಿ, ಕಪ್ಪು ವೈರು ಕಟ್ಟಿದ್ದ ಒಂದು ಬೋಲ್ಟು ಬಿಚ್ಚಿ, ನನ್ನ ಹಸಿರು ಪೇಂಟನ್ನು ಸ್ಕ್ರೂಡ್ರೈವರಿನಿಂದ ಕೆರೆದು, ಮತ್ತೆ ಬಿಗಿದರು. ಅಷ್ಟೂ ದೀಪಗಳು ಝಗ್ಗೆಂದವು!

"ಕರೆಂಟು ಬಾಡಿ ಕಬ್ಬಿಣದಿಂದ ವಾಪಸ್ ಹೋಗ್ಬೇಕು ಸಾರ್. ಅದೇ ಅರ್ತ್. ಫೋನಲ್ಲಿ ನಾನು ಹೇಳಿದ್ದು ಇಂಗ್ಲಿಷ್ ಅರ್ತ್, ಅರ್ತಿಂಗ್ ಅಂತಾರಲ್ಲ, ಅದು. ಪೇಂಟ್ ಮೇಲೆ ಕಟ್ಟಿದ್ರೆ ಹೆಂಗೆ ಅರ್ತ್ ಆಗುತ್ತೆ? ಬೆಳಿಗ್ಗೆಯೇ ಕೇಳಿದ್ರೆ ಐದು ನಿಮಿಷದ ಕೆಲ್ಸ."

ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಒಳಗೋಡಿದಳು.

ರಾಹುಕಾಲ ಕಳೆಯುವ ತನಕ, ಆರು ಗಂಟೆವರೆಗೆ, ಬೀರು ಟ್ರೇಲರಿನಲ್ಲಿ ನಿಂತಿತ್ತು. ನಾನು ಅದರ ಪಕ್ಕದಲ್ಲಿ. ಅತ್ತೆ ಬೈಯಲಿಲ್ಲ. ಕಾಫಿ ತಂದುಕೊಟ್ಟು, "ಬಿಡಿ, ನಿಮಗೆ ಹೇಳಿದ್ದು ನಂದೇ ತಪ್ಪು" ಎಂದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು!

ಸೋಮವಾರ ಪಾಠ ಮುಗಿಸಿ, ಅಭ್ಯಾಸಬಲದಿಂದ ತರಗತಿಯತ್ತ ತಿರುಗಿ, "ಅರ್ಥ ಆಯ್ತೇನ್ರೋ?" ಎನ್ನಲು ಬಾಯಿ ತೆರೆದೆ.

ಹಾಗೇ ಮುಚ್ಚಿಕೊಂಡೆ.