ಕತ್ತರಿ ಕಂಡ ಕತ್ತುಪಟ್ಟಿ

"ಕತ್ತರಿ ಹಿಡಿದ ಕೈಗೆ ಎರಡು ಕಡ್ಡಿ ಹಿಡಿಯೋದು ಒಂದು ಕೆಲಸವೇ ಅತ್ತೆ? ಶನಿವಾರ ನಿಮ್ಮ ಮಗಳು ಬಸ್ಸಿಳಿಯೋ ಹೊತ್ತಿಗೆ ಕತ್ತುಪಟ್ಟಿ ರೆಡಿ!"

ದರ್ಜಿ ಎದೆ ತಟ್ಟಿಕೊಂಡ. ಬೀದಿಯ ಅರ್ಧದಷ್ಟು ಗಂಡಸರ ಕಾಲರು ಹುಟ್ಟಿದ್ದೇ ಅವನ ಕೈಯಲ್ಲಿ. ಗೇಣಗಲದ ಉಲ್ಲನ್ ಪಟ್ಟಿ ಯಾವ ಮಹಾ!

ಅತ್ತೆ ಕನ್ನಡಕವನ್ನು ಮೂಗಿನ ತುದಿಗಿಳಿಸಿದರು. "ಬಟ್ಟೆ ಬೇರೆ, ಹೆಣಿಗೆ ಬೇರೆ ಅಳಿಯಂದಿರೇ. ಮೊದಲ ಸಾಲಲ್ಲಿ ಎಷ್ಟು ಕುಣಿಕೆಯೋ ಕೊನೇ ಸಾಲಲ್ಲೂ ಅಷ್ಟೇ ಇರ್ಬೇಕು. ಎಣಿಸ್ತಾ ಹೋಗಿ."

"ನನಗೆ ಕಣ್ಣಳತೆ ಸಾಕು!"

ಹೆಂಡತಿಗೆ ಗುಡ್ಡದ ತುದಿಯ ಹವಾಮಾನ ಕೇಂದ್ರದಲ್ಲಿ ಕೆಲಸ. ಗಾಳಿ ಎಷ್ಟು, ಚಳಿ ಎಷ್ಟು ಎಂದು ನೋಡಿ ಕೆಳಗಿನವರಿಗೆ ತಿಳಿಸಬೇಕು. ತಿಂಗಳಿಗೊಮ್ಮೆ ಮನೆಗೆ ಬಂದು, ಒಂದು ರಾತ್ರಿ ಇದ್ದು, ಬೆಳಗಿನ ಬಸ್ಸಿಗೆ ಹೊರಟುಬಿಡುತ್ತಾಳೆ. ಹೋದ ವಾರ ಫೋನಿನಲ್ಲಿ, "ಇಲ್ಲಿನ ಗಾಳಿ ಬಂದು ಕತ್ತನ್ನೇ ಹಿಡ್ಕೊಳ್ಳುತ್ತೆ ಕಣ್ರೀ" ಎಂದಿದ್ದಳು. ಅಂದಿನಿಂದ ದರ್ಜಿಗೆ ಆ ಗಾಳಿಯ ಮೇಲೆ ಹೊಟ್ಟೆಕಿಚ್ಚು. ತನಗೆ ತಿಂಗಳಿಗೊಂದು ದಿನ ಸಿಗುವ ಕತ್ತು ಅದಕ್ಕೆ ದಿನವೂ ಸಿಗುತ್ತದಲ್ಲ!

ದಪ್ಪ ಉಲ್ಲನ್, ಬೆರಳು ಗಾತ್ರದ ಕಡ್ಡಿ. ಉದ್ದಕ್ಕೆ ಹೆಣೆದು ಎರಡು ತುದಿ ಸೇರಿಸಿ ಹೊಲಿದರೆ ಮುಗಿಯಿತು. ಆದರೆ ಕುಣಿಕೆ ಹಾಕುತ್ತ ಕೂತರೆ ಹೆಂಡತಿಯ ನೆನಪು. ಅವಳು ಚಹಾದ ಲೋಟವನ್ನು ಕೆನ್ನೆಗೆ ಒತ್ತಿಕೊಳ್ಳುವುದು, ಚಪ್ಪಲಿ ಬಿಡುವ ಮೊದಲೇ ಮಾತು ಶುರುಮಾಡುವುದು. ನೆನಪಾದಾಗಲೆಲ್ಲ ದಾರ ಕಡ್ಡಿಗೆ ಒಂದು ಸುತ್ತು ಹೆಚ್ಚಿಗೆ ಬಿತ್ತು. ಬಿದ್ದದ್ದೆಲ್ಲ ಕುಣಿಕೆಯಾಯಿತು. ಶುಕ್ರವಾರದ ಹೊತ್ತಿಗೆ ಪಟ್ಟಿ ಟವಲಿನಷ್ಟು ಅಗಲವಾಗಿತ್ತು.

"ಇದು ಕತ್ತಿಗೋ, ಕಿಟಕಿಗೋ?" ಅತ್ತೆ ಕೇಳಿದರು.

"ಹೆಚ್ಚಾದದ್ದನ್ನ ಕತ್ತರಿಸಿದ್ರಾಯ್ತು. ನಾನಿರೋದು ಯಾಕೆ?"

"ಅಯ್ಯೋ, ಹೆಣಿಗೆಗೆ ಕತ್ತರಿ..."

ಅವರ ಮಾತು ಮುಗಿಯುವ ಮೊದಲೇ ದರ್ಜಿ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಆ ತುದಿಯಿಂದ ಈ ತುದಿಗೆ ಕತ್ತರಿ ಓಡಿಸಿಯಾಗಿತ್ತು. ಆಹಾ, ಎಂಥ ನೇರ! ಅಂಚಿನಲ್ಲೊಂದು ಎಳೆ ನೇತಾಡುತ್ತಿತ್ತು. ದರ್ಜಿಯ ಕೈ ಸುಮ್ಮನಿದ್ದೀತೆ? ಎಳೆದ. ಪೂರ್ತಿ ಬಂತು. ಗಾಬರಿಯಾಗಿ ಇನ್ನೊಂದನ್ನು ಎಳೆದ. ಕುಣಿಕೆಗಳು ಒಂದರ ಕೈ ಒಂದು ಬಿಡುತ್ತ ಹೋದವು. ಕೊನೆಗೆ ಮೇಜಿನ ಮೇಲೆ ಉಳಿದದ್ದು ತುಂಡು ದಾರಗಳ ಗುಡ್ಡೆ.

ಶನಿವಾರ ಹೆಂಡತಿ ಬಂದಳು. ಗುಡ್ಡೆ ಕಂಡಿತು.

"ಇದೇನ್ರೀ?"

"ನಿನಗೆ ಕತ್ತುಪಟ್ಟಿ."

"ಯಾವಾಗ ಆಗುತ್ತೆ?"

"ನಿನ್ನೆ ಆಗಿತ್ತು."

ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಕೇಳಿದಳು, "ಅದಿರ್ಲಿ, ನನ್ನ ಕತ್ತಿನ ಅಳತೆ ಎಷ್ಟು ಅಂತ ಹೆಣೆದ್ರಿ?"

ದರ್ಜಿ ತಬ್ಬಿಬ್ಬಾದ. ಬೀದಿಯವರ ಕತ್ತೆಲ್ಲ ಬಾಯಿಪಾಠ, ಹೆಂಡತಿಯದು ಮಾತ್ರ ಗೊತ್ತಿಲ್ಲ! ನಾಚಿಕೆಯಿಂದ ಅವನಿಗೆ ರಾತ್ರಿ ಊಟವೂ ಸೇರಲಿಲ್ಲ.

ಬೆಳಿಗ್ಗೆ ಬಸ್ ಸ್ಟಾಪಿನಲ್ಲಿ ಅವಳೇ ಕತ್ತೆತ್ತಿ ನಿಂತಳು. "ಬಸ್ಸು ಬರೋದ್ರೊಳಗೆ ಅಳತೆ ತಗೊಳ್ಳಿ."

ದರ್ಜಿ ತನ್ನ ಕತ್ತಿನಲ್ಲಿದ್ದ ಟೇಪನ್ನು ತೆಗೆದು ಅವಳ ಕತ್ತಿಗೆ ಸುತ್ತಿದ. ಬೆರಳು ಅಲ್ಲೇ ನಿಂತುಬಿಟ್ಟಿತು.

"ಎಷ್ಟು?"

"ನೋಡ್ಲಿಲ್ಲ. ಇನ್ನೊಂದ್ಸಲ."

ಮತ್ತೆ ಸುತ್ತಿದ.

"ಈಗ ಎಷ್ಟು?"

"ಇವತ್ತೇ ಹೋಗ್ಬೇಕಾ?"

ಅವಳು ಅವನ ಕೈಯ ಮೇಲೆ ಕೈಯಿಟ್ಟಳು. ಅಷ್ಟರಲ್ಲಿ ಬಸ್ಸು ಬಂದು ಹಾರ್ನ್ ಬಡಿಯಿತು. ಅವಳು ಓಡಿ ಹತ್ತಿದಳು. ಬಸ್ಸು ತಿರುವು ದಾಟಿದ ಮೇಲೆ ದರ್ಜಿ ಅಭ್ಯಾಸಬಲದಿಂದ ತನ್ನ ಕತ್ತು ಮುಟ್ಟಿಕೊಂಡ. ಟೇಪಿಲ್ಲ!

ಅಂದು ಪ್ಯಾಂಟು ಹೊಲಿಸಲು ಬಂದ ಗಿರಾಕಿಯ ಸೊಂಟವನ್ನು ಗೇಣು ಹಾಕಿ ಅಳೆಯಬೇಕಾಯಿತು. ಪಾಪ, ಅವನಿಗೆ ಕಚಗುಳಿ.

ಸಂಜೆ ಫೋನು ಬಂತು. ಆ ಕಡೆ ಗಾಳಿ ಶಿಳ್ಳೆ ಹೊಡೆಯುತ್ತಿತ್ತು.

"ಟೇಪಿಂದ ಚಳಿಯೇನೂ ನಿಲ್ಲಲ್ಲ ಕಣ್ರೀ. ಆದ್ರೂ ತೆಗೆಯೋಕೆ ಮನಸ್ಸಾಗ್ತಿಲ್ಲ. ಅಳತೆ ನಾನೇ ನೋಡ್ಕೊಂಡೆ. ಹದಿಮೂರು ಇಂಚು."

ಫೋನಿಟ್ಟ ಮೇಲೂ ದರ್ಜಿ ಅದನ್ನೇ ಹೇಳಿಕೊಳ್ಳುತ್ತ ಕೂತಿದ್ದ. ಅತ್ತೆ ಹೊಸ ಉಲ್ಲನ್ ಉಂಡೆ, ಕಡ್ಡಿಗಳನ್ನು ತಂದು ಅವನ ಮುಂದಿಟ್ಟರು.

"ಅಳತೆ ಸಿಕ್ತಾ?"

"ಸಿಕ್ತು ಅತ್ತೆ."

"ಹಾಗಿದ್ರೆ ಕತ್ತರಿ ಇತ್ತ ಕೊಡಿ!"